ಸೊಂಟ ಮೊದಲು, ಕೈ ಆಮೇಲೆ

ಮದುವೆಯಾಗಿ ಆದೋನಿಯ ಈ ಮನೆಗೆ ಬಂದಾಗ ನನ್ನ ಸಾಮಾನಿನ ಜೊತೆ ಒಂದು ಬೇಸ್‌ಬಾಲ್ ಬ್ಯಾಟೂ ಬಂತು. ಟ್ರಂಕಿನಲ್ಲಿ ಹಿಡಿಸಲಿಲ್ಲವೆಂದು ಅದನ್ನು ಹಾಸಿಗೆಯ ಸುರುಳಿಯೊಳಗೆ ಸೇರಿಸಿ ಹಗ್ಗ ಬಿಗಿದಿದ್ದೆ. ಅತ್ತೆ ನಡುಮನೆಯಲ್ಲಿ ಹಾಸಿಗೆ ಬಿಚ್ಚಿದ್ದೇ ತಡ, ಅಲ್ಯೂಮಿನಿಯಂ ಬ್ಯಾಟು ಟಣ್ಣೆಂದು ಬಂಡೆಯ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ, ಕುರ್ಚಿಯಲ್ಲಿ ಕೂತಿದ್ದ ಮಾವನವರ ಕಾಲಿಗೆ ತಾಗಿ ನಿಂತಿತು.

“ಇದೇನವ್ವಾ ಇದು, ಬಟ್ಟಿ ಬಡಿಯೋದಾ?” ಅಂದರು ಅತ್ತೆ.

“ಅಲ್ರೀ ಅತ್ತಿ, ಬ್ಯಾಟು.”

“ಬ್ಯಾಟು ಚಪ್ಪಟಿ ಇರ್ತೈತಲ್ಲ?”

“ಅದು ಕ್ರಿಕೆಟ್ಟಿಂದು. ಇದು ಬೇಸ್‌ಬಾಲ್‌ದು.”

ಮಾವ ಅದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹತ್ತಿಯ ಮಾತಾಡುತ್ತಾ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅತ್ತೆ ಬ್ಯಾಟನ್ನು ಅಡುಗೆಮನೆಯ ಮೂಲೆಯಲ್ಲಿ ಜೋಳದ ಡಬ್ಬದ ಹಿಂದೆ ನಿಲ್ಲಿಸಿ, “ಇಲ್ಲೇ ಇರ್ಲಿ. ಯಾರರ ನೋಡಿದ್ರ ಸೊಸಿ ಹೊಡಿಯಾಕ ಬಂದಾಳ ಅಂತಾರ” ಎಂದು ನಕ್ಕರು. ಹತ್ತಿರ ಹತ್ತಿರ ಎರಡು ವರ್ಷ ಅದು ಅಲ್ಲಿಂದ ಕದಲಲಿಲ್ಲ.

ನನ್ನ ತವರು ಹೊಳಗುಂದದ ಕಡೆಯ ಒಂದು ಹಳ್ಳಿ. ಡಿಗ್ರಿಗೆಂದು ಆದೋನಿಯ ಹಾಸ್ಟೆಲ್ ಸೇರುವವರೆಗೆ ಬೇಸ್‌ಬಾಲ್ ಎಂಬ ಆಟವೊಂದಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಕಾಲೇಜಿನ ಆಟದ ಮೇಷ್ಟ್ರು, ನಾವೆಲ್ಲ ಪಿ.ಡಿ. ಸರ್ ಎನ್ನುತ್ತಿದ್ದವರು, ಹುಡುಗಿಯರ ತಂಡ ಕಟ್ಟಲು ಹೊರಟಿದ್ದರು. ಆಳು ಸಾಲದೆ ಬಂದಿತ್ತು. ಗೇಟಿನ ಬಳಿ ಸುಮ್ಮನೆ ಅಡ್ಡಾಡುತ್ತಿದ್ದ ನನ್ನನ್ನು ಕಂಡು, “ನುವ್ವು ರಾಮ್ಮಾ” ಎಂದು ತೆಲುಗಿನಲ್ಲಿ ನನ್ನನ್ನೇ ಬರಹೇಳಿ ಕೈ ಬೀಸಿದರು. ಹೋದೆ. ಒಂದೆಡೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ ಕಾರಣ. ಪಾಠದ ಹೊತ್ತಿನಲ್ಲೂ ನನ್ನ ಕಾಲು ಬೆಂಚಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು. ಪಕ್ಕದವಳು ತೊಡೆ ಚಿವುಟುತ್ತಿದ್ದಳು.

ಆ ಚಡಪಡಿಕೆ ಓಡುವಾಗ ಕೆಲಸಕ್ಕೆ ಬಂತು, ಬ್ಯಾಟು ಹಿಡಿದಾಗ ಕೈಕೊಟ್ಟಿತು. ಪಿ.ಡಿ. ಸರ್ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎರಡು ಪಾದ ಬರೆದು ಅದರಲ್ಲಿ ನಮ್ಮನ್ನು ನಿಲ್ಲಿಸುತ್ತಿದ್ದರು. ಕಾಲುಗಳು ಭುಜಕ್ಕಿಂತ ತುಸು ಅಗಲ, ಮಂಡಿ ಸಡಿಲ, ಭಾರ ಹಿಂಗಾಲಿನ ಮೇಲೆ. ಎದುರಿನವಳು ಚೆಂಡು ಬಿಡುವಾಗ ಮುಂಗಾಲನ್ನು ಗೇಣಿನಷ್ಟು ಮುಂದಿಡಬೇಕು. ಆದರೆ ಕಾಲು ಮುಂದೆ ಹೋದರೂ ಮೈ ಹೋಗಬಾರದು, ಕೈಯಂತೂ ಹಿಂದೆಯೇ ಉಳಿಯಬೇಕು. ಆಮೇಲೆ ಹಿಂಗಾಲಿನ ಹಿಮ್ಮಡಿ ಏಳುತ್ತದೆ, ಸೊಂಟ ತಿರುಗುತ್ತದೆ. ಸೊಂಟದ ಹಿಂದೆ ಭುಜ, ಭುಜದ ಹಿಂದೆ ಕೈ, ಎಲ್ಲಕ್ಕಿಂತ ಕೊನೆಗೆ ಬ್ಯಾಟು. ಹಾಗೆ ಬಂದ ಬ್ಯಾಟಿಗೆ ಇಡೀ ಮೈಯ ಬಲ ಸಿಗುತ್ತದೆ. ಬರೀ ತೋಳಿನಿಂದ ಬೀಸಿದರೆ ಚೆಂಡು ನಾಲ್ಕು ಮಾರು ಹೋಗಿ ಬೀಳುತ್ತದೆ.

ನನಗೆ ಇದೆಲ್ಲ ಬಾಯಿಪಾಠವಾಗಿತ್ತು. ಆದರೆ ಚೆಂಡು ಕಂಡೊಡನೆ ಮೈ ತಾನೇ ಮುಂದಕ್ಕೆ ವಾಲುತ್ತಿತ್ತು. ಚೆಂಡು ಬರುವಷ್ಟರಲ್ಲಿ ನನ್ನ ಸೊಂಟ ತಿರುಗಿ ಮುಗಿದು, ಕೈಯಲ್ಲಿ ಬ್ಯಾಟೊಂದೇ ಉಳಿದಿರುತ್ತಿತ್ತು. ಪಿ.ಡಿ. ಸರ್ ದೂರದಿಂದ ಕೂಗುತ್ತಿದ್ದರು: “ಆಗಮ್ಮಾ, ಆಗು!” ತೆಲುಗಿನಲ್ಲಿ ಆಗು ಎಂದರೆ ನಿಲ್ಲು, ತಡೆ. ಎರಡೂ ಭಾಷೆಯಲ್ಲಿ ಬೆಳೆದ ನನ್ನ ಕಿವಿಗೆ ಮಾತ್ರ ಅದು ಅರೆಗಳಿಗೆ ಕನ್ನಡವಾಗಿಯೇ ಕೇಳುತ್ತಿತ್ತು. ಆಗು, ಆಗಿಬಿಡು ಅಂದಂತೆ. ನಾನು ಇನ್ನಷ್ಟು ಬೇಗ ಬೀಸುತ್ತಿದ್ದೆ. ಹೇಗೋ ವಿಶ್ವವಿದ್ಯಾಲಯದ ತಂಡದವರೆಗೆ ಹೋದೆ, ಹೋದದ್ದು ಓಟದ ಬಲದಿಂದ. ಬ್ಯಾಟಿನಿಂದ ನಾನು ಹೋಗಲಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಡಿಗ್ರಿ ಮುಗಿದ ಬೇಸಿಗೆಯಲ್ಲಿ ಮದುವೆ. ಗಂಡನ ಮನೆಯವರು ಹತ್ತಿ ವ್ಯಾಪಾರಿಗಳು. ಮಾರ್ಕೆಟ್ ಯಾರ್ಡಿನಲ್ಲಿ ಕಮಿಷನ್ ಅಂಗಡಿ ಇದೆ. ಒಳ್ಳೆಯ ಜನ, ಹಿತವಾದ ಮನೆ. ಹೊರಗೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗಲು ಕಾರಣವೂ ಸಿಗಲಿಲ್ಲ. ಕೆಲಸ ಮುಗಿದ ಮೇಲೂ ನಾನು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಡುಮನೆಗೆ ಓಡಾಡುತ್ತಿದ್ದೆ. “ಒಂದ್ ಕಡಿ ಕುಂದ್ರವ್ವಾ, ನನಗ ತಲಿ ತಿರುಗ್ತೈತಿ” ಎನ್ನುತ್ತಿದ್ದರು ಅತ್ತೆ. ಮಾವನವರ ಮುಂದೆ ಮಾತ್ರ ಹಾಗೆ ಓಡಾಡುವಂತಿರಲಿಲ್ಲ. ಅವರು ಬಂದರೆ ತಲೆಯ ಮೇಲೆ ಸೆರಗು, ಬಾಗಿಲ ಮರೆ, ಕೇಳಿದ್ದಕ್ಕೆ ಒಂದು ಮಾತು. ಅವರಿಗೂ ನನ್ನಲ್ಲಿ ಆಡಲು ಮಾತಿರಲಿಲ್ಲ. ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಊಟ ಕೂಡ ನಿಂತು ಮಾಡಿದರೇನೋ ಎನ್ನುವಷ್ಟು ಅವಸರ. ಕೈ ತೊಳೆಯುವಾಗಲೇ ಫೋನು ಕಿವಿಯಲ್ಲಿರುತ್ತಿತ್ತು.

ಅಂಥ ಮನುಷ್ಯನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ಬಚ್ಚಲ ಗೋಡೆಗೆ ಒರಗಿದರು, ಬಲಗೈಯಿಂದ ಬ್ರಷ್ಷು ಜಾರಿತು. ಕರ್ನೂಲಿನ ಆಸ್ಪತ್ರೆಯಿಂದ ವಾಪಸು ಬಂದಾಗ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ತುಸು ತೊದಲು. ಕಾಲು ಬೇಗ ಸುಧಾರಿಸಿತು. ನಾಲ್ಕು ಕಾಲಿನ ಕಬ್ಬಿಣದ ಕೋಲು ಹಿಡಿದು ನಡುಮನೆಯಿಂದ ಗೇಟಿಗೆ, ಗೇಟಿನಿಂದ ನಡುಮನೆಗೆ ನಡೆಯತೊಡಗಿದರು. ಕಟ್, ಕಟ್, ಕಟ್. ಇಡೀ ದಿನ ಅದೇ ಸದ್ದು. ನನ್ನ ಗಂಡ ಅಂಗಡಿಗೆ ಹೊರಟರೆ ಗೇಟಿನಲ್ಲೇ ತಡೆದು ಕೇಳುತ್ತಿದ್ದರು, ಬಂದರೆ ಮತ್ತೆ ಕೇಳುತ್ತಿದ್ದರು. “ಯಾರ್ಡಿನ್ಯಾಗ ಏನ್ ನಡದೈತಿ? ಯಾರ್ ಯಾರ್ ಬಂದಿದ್ರು?” ಮಗ ಹೇಳಿದ ಯಾವ ಉತ್ತರವೂ ಅವರಿಗೆ ಸಾಕಾಗುತ್ತಿರಲಿಲ್ಲ.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಯುವಕ ಬಂದುಹೋಗುತ್ತಿದ್ದ. ಅವನು ಕೊಟ್ಟ ಹಳದಿ ಸ್ಪಂಜಿನ ಚೆಂಡೊಂದನ್ನು ಬಲಗೈಯಲ್ಲಿ ಹಿಸುಕುತ್ತಿರಬೇಕಿತ್ತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಹೊಸ್ತಿಲ ಬಳಿ ಬೇಳೆ ಆರಿಸುತ್ತಿದ್ದೆ. ಹಿಸುಕಿ ಹಿಸುಕಿ ಬೇಸತ್ತು ಮಾವ ಚೆಂಡನ್ನು ಗೋಡೆಗೆ ಎಸೆದರು. ಎಸೆಯಲು ಹೋದರು ಎನ್ನಬೇಕು. ಅದು ಕೈಯಿಂದ ಬೇಡದ ಕಡೆ ಹಾರಿ, ಪುಟಿದು ನನ್ನ ಮೊರದ ಪಕ್ಕಕ್ಕೆ ಬಂತು. ನಾನು ಯೋಚಿಸಲಿಲ್ಲ. ಮೂರು ವರ್ಷ ಮೈದಾನದಲ್ಲಿ ಮಾಡಿದ್ದನ್ನೇ ಕೈ ಮಾಡಿತು. ಚೆಂಡನ್ನು ಎತ್ತಿ, ಕೂತಲ್ಲಿಂದಲೇ ಅವರಿಗೆ ವಾಪಸು ಎಸೆದೆ.

ಅವರು ಎಡಗೈಯಿಂದ ಅದನ್ನು ಎದೆಗೆ ಒತ್ತಿ ಹಿಡಿದರು. ಸೊಸೆಯಾದವಳು ಮಾವನ ಮೇಲೆ ಚೆಂಡು ಎಸೆದಿದ್ದೇನೆ ಎನ್ನುವುದು ಆಗ ತಲೆಗೆ ಹೋಗಿ, ಸೆರಗು ಹುಡುಕತೊಡಗಿದೆ. ಮಾವ ಚೆಂಡನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡರು. ಭುಜ ಎತ್ತಿದರು. ಬೆರಳು ಬಿಚ್ಚಲಿಲ್ಲ. ಮತ್ತೊಮ್ಮೆ ಎತ್ತಿದರು. ಚೆಂಡು ಬಿಟ್ಟು ಬಂತು, ಅಡ್ಡಾದಿಡ್ಡಿಯಾಗಿ. ನಾನು ಕೈ ಚಾಚಿ ಹಿಡಿದೆ.

ಒಳಗಿನಿಂದ ಅತ್ತೆ ಬಂದರು. “ಏನ್ ನಡದೈತಿ ಇಲ್ಲಿ?”

“ಎಕ್ಸಸೈಜ್” ಅಂದರು ಮಾವ. ಅದನ್ನೂ ತೊದಲುತ್ತಲೇ ಅಂದರು, ಆದರೆ ಗಟ್ಟಿಯಾಗಿ.

ಮಾರನೆಯ ದಿನ ಬೆಳಿಗ್ಗೆ ಅವರು ಕೋಲು ಕುಟ್ಟುತ್ತಾ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು. “ಆ ಬ್ಯಾಟು ಎಲ್ಲೈತವ್ವಾ?”

ಮನೆಯ ಹಿಂದೆ ನಮ್ಮದೊಂದು ತಗಡಿನ ಗೋದಾಮು ಇದೆ. ಹಂಗಾಮಿನಲ್ಲಿ ಹತ್ತಿ ತುಂಬಿರುತ್ತದೆ. ಅದು ಮಿಲ್ಲಿಗೆ ಹೋದ ಮೇಲೆ ಆರೇಳು ತಿಂಗಳು ಖಾಲಿ. ಮಾವ ಹಮಾಲಿಯೊಬ್ಬನನ್ನು ಕರೆಸಿ ಒಂದು ಕೊನೆಗೆ ಹಳೆಯ ಗೋಣಿತಟ್ಟುಗಳನ್ನು ಹೊಲಿಸಿ ಪರದೆಯಂತೆ ಇಳಿಬಿಡಿಸಿದರು. ಹೊಡೆದ ಚೆಂಡು ಅದಕ್ಕೆ ಬಡಿದು ಕೆಳಗೆ ಬೀಳಲಿ ಎಂದು. ಪರದೆಯ ಮುಂದೆ ಅವರಿಗೆ ಕುರ್ಚಿ, ಪಕ್ಕದಲ್ಲಿ ಬುಟ್ಟಿಯ ತುಂಬ ಟೆನಿಸ್ ಚೆಂಡು. ಅತ್ತೆ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಶೇಂಗಾ ಸುಲಿಯುತ್ತಾ ಕೂತರು. ಮಾವ-ಸೊಸೆ ಇಬ್ಬರೇ ಗೋದಾಮಿನಲ್ಲಿ ಆಡುತ್ತಾರೆ ಎಂದು ಓಣಿಯವರು ಆಡಿಕೊಳ್ಳಬಾರದಲ್ಲ.

ಮೊದಲ ದಿನ ಸೀರೆಯಲ್ಲೇ ನಿಂತೆ. ಮುಂಗಾಲು ಇಟ್ಟರೆ ನೆರಿಗೆ ಹಿಡಿಯಿತು, ಸೊಂಟ ತಿರುಗಿದರೆ ಸೀರೆ ಹಿಂದೆಯೇ ಉಳಿಯಿತು. ಅತ್ತೆ ಸ್ವಲ್ಪ ಹೊತ್ತು ನೋಡಿದರು.

“ಇದೇನವ್ವಾ, ಕಂಬಕ್ಕ ಕಟ್ಟಿದ ಆಕಳು ಎಳದಾಡಿದಂಗ. ಚೂಡಿದಾರ ಹಾಕ್ಕೊಂಡ್ ಬಾ ಹೋಗು. ಬಾಗಿಲ್ದಾಗ ನಾ ಅದೀನಲ್ಲ.”

ಮಾವನವರಿಗೆ ತಾವು ಏನು ಮಾಡುತ್ತಿದ್ದೇವೆ ಎಂದು ಪೂರ್ತಿ ಗೊತ್ತಾಗದೆ ಸಮಾಧಾನವಿಲ್ಲ. ಅವರು ಕೇಳುತ್ತಲೇ ಹೋದರು, ನಾನು ಹೇಳುತ್ತಲೇ ಹೋದೆ. ಆ ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

“ಹೊಡಿಯೋದು ಕೈ. ಮತ್ತ ಸೊಂಟ ಯಾಕ ತಿರುವ್ತಿ?”

“ಕೈಯಾಗ ಏನೂ ಬಲ ಇಲ್ರೀ ಮಾವಾರ. ಬಲ ನೆಲದಿಂದ ಬರಬೇಕು. ಹಿಂಗಾಲಿಂದ ಸೊಂಟಕ್ಕ, ಸೊಂಟದಿಂದ ಮ್ಯಾಲಕ್ಕ. ಸೊಂಟ ಮೊದಲು, ಕೈ ಆಮೇಲೆ.”

“ಎರಡೂ ಕೂಡೇ ತಿರುಗಿದ್ರ?”

“ಬಲ ಸಾಲಂಗಿಲ್ರೀ. ಸೊಂಟ ಮುಂದ ಹೋಗಿ, ಕೈ ಹಿಂದ ಉಳಿದ್ರ ನಡುವ ಬಿಗಿ ಆಗ್ತೈತಿ. ಆ ಬಿಗಿ ಬಿಟ್ಟಾಗ ಬ್ಯಾಟು ಓಡ್ತೈತಿ.”

“ಮುಂದಿನ ಕಾಲು?”

“ಅದು ಗಟ್ಟಿ ನಿಲ್ಲಬೇಕು. ಗಾಡಿಗೆ ಬ್ರೇಕ್ ಹಾಕಿದಂಗ. ಅದು ಮಡಚಿದ್ರ ಬಲ ಎಲ್ಲಾ ಸೋರಿ ಹೋಗ್ತೈತಿ.”

ಅತ್ತೆ ಶೇಂಗಾ ಸಿಪ್ಪೆ ಊದುತ್ತಾ, “ಒಂದ್ ಚೆಂಡು ಹೊಡಿಯಾಕ ಇಷ್ಟ್ ರಾಮಾಯಣ” ಅಂದರು.

ಆದರೆ ಮಾವ ಎಸೆದ ಚೆಂಡನ್ನು ಹೊಡೆಯುವುದು ನನ್ನಿಂದ ಆಗಲಿಲ್ಲ. ಕಾಲೇಜಿನಲ್ಲಿ ನಾನು ಎದುರಿನವಳ ತೋಳು ನೋಡಿ ಹೊರಡುತ್ತಿದ್ದೆ. ತೋಳು ಬೀಸಿತೆಂದರೆ ಚೆಂಡು ಬಂತು ಎಂದೇ ಲೆಕ್ಕ. ಮಾವನವರ ತೋಳು ಬೀಸಿ ಮುಗಿದಿರುತ್ತಿತ್ತು, ಬೆರಳು ಇನ್ನೂ ಚೆಂಡನ್ನು ಹಿಡಿದೇ ಇರುತ್ತಿತ್ತು. ನಾನು ಕಾಲಿಟ್ಟು, ಸೊಂಟ ತಿರುಗಿಸಿ, ಬ್ಯಾಟು ಬೀಸಿ, ಗಾಳಿಯನ್ನು ಹೊಡೆದು ನಿಂತ ಮೇಲೆ ಅವರ ಕೈಯಿಂದ ಚೆಂಡು ಮೆಲ್ಲಗೆ ಬಿಡುಗಡೆಯಾಗಿ ಬರುತ್ತಿತ್ತು. ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಬರುವುದೇ ಇಲ್ಲ. ನನಗೆ ಸಿಟ್ಟು ಬಂತು. ಅವರಿಗೂ ಬಂತು.

“ನಾ ಇನ್ನೂ ಬಿಟ್ಟೇ ಇಲ್ಲ. ಎಲ್ಲಿಗೆ ಓಡ್ತಿ ನೀನು?”

“ನೀವು ಕೈ ಬೀಸಿದ್ರಿ...”

“ಕೈ ನನ್ ಮಾತು ಎಲ್ಲಿ ಕೇಳ್ತೈತವ್ವಾ? ಚೆಂಡು ನೋಡು ನೀನು.”

ಬೇರೆ ದಾರಿ ಇರಲಿಲ್ಲ. ತೋಳನ್ನು ಬಿಟ್ಟು ಅವರ ಬೆರಳುಗಳನ್ನು ನೋಡತೊಡಗಿದೆ. ಬೆರಳು ಬಿಚ್ಚಿ, ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣುವವರೆಗೆ ಹಿಂಗಾಲಿನ ಮೇಲೆಯೇ ಭಾರ ಹಾಕಿ ಕಾಯಬೇಕು. ಅದು ಹಿಂಸೆ. ತೊಡೆ ನಡುಗುತ್ತದೆ, ಹೆಗಲು ತುಡಿಯುತ್ತದೆ, ಎಲ್ಲ ನರಗಳೂ ಹೋಗು ಎನ್ನುತ್ತವೆ. ಮೊದಮೊದಲು ಹತ್ತು ಚೆಂಡಿಗೆ ಒಂದಾದರೂ ಸಿಕ್ಕರೆ ಪುಣ್ಯ. ಹಾಗೆ ಎಷ್ಟೋ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಚೆಂಡು ಬಂದದ್ದು ನಿಧಾನವಾಗಿ ಕಂಡಿತು. ಕಾಲು ಇಟ್ಟೆ, ಇನ್ನೂ ಹೊತ್ತಿತ್ತು. ಸೊಂಟ ಹೋಯಿತು, ಕೈ ಹಿಂಬಾಲಿಸಿತು, ಬಲ ಮೊಣಕೈ ಪಕ್ಕೆಗೆ ಒರಸಿಕೊಂಡು ಬಂತು. ಕೈಗೆ ಏನೂ ತಾಗಿದಂತೆ ಆಗಲಿಲ್ಲ. ಸರಿಯಾದ ಜಾಗದಲ್ಲಿ ಹೊಡೆದರೆ ಕೈಗೆ ಗೊತ್ತೇ ಆಗುವುದಿಲ್ಲ. ಗೋಣಿತಟ್ಟು ಧಡ್ ಎಂದು ಹಿಂದಕ್ಕೆ ಹೋಗಿ, ಅದರ ಹಿಂದಿನ ತಗಡು ಗುಡುಗಿತು. ಅತ್ತೆಯ ಮೊರದಿಂದ ಶೇಂಗಾ ಚೆಲ್ಲಿತು.

“ಹಾಂ” ಅಂದರು ಮಾವ. ಬುಟ್ಟಿಗೆ ಕೈ ಹಾಕಿ ಇನ್ನೊಂದು ಚೆಂಡು ತೆಗೆದರು.

ಅವರು ಅಲ್ಲಿಗೆ ನಿಲ್ಲುವವರಲ್ಲ. “ನಿಜವಾದ್ದು ಇದಲ್ಲಲ್ಲ?” ಎಂದು ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಕಾಲೇಜಿನ ಕಾಲದ ಒಂದು ಚರ್ಮದ ಚೆಂಡು ನನ್ನ ಟ್ರಂಕಿನಲ್ಲಿತ್ತು, ಕಲ್ಲಿನಷ್ಟು ಗಟ್ಟಿ. ಅದನ್ನು ತರಿಸಿಕೊಂಡರು. ಬೇಡವೆಂದೆ, ಅತ್ತೆಯೂ ಬೇಡವೆಂದರು. ಮೂರನೆಯದೋ ನಾಲ್ಕನೆಯದೋ ಎಸೆತಕ್ಕೆ ನಾನು ಹೊಡೆದ ಚೆಂಡು ನೇರವಾಗಿ ಅವರತ್ತಲೇ ಹೋಗಿ ಎಡಪಕ್ಕೆಗೆ ಬಡಿಯಿತು. ಆ ಸದ್ದು ಈಗಲೂ ನನಗೆ ನೆನಪಿದೆ. ಅವರು ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿದರು. ಉಸಿರು ಸಿಗಲಿಲ್ಲ. ಅತ್ತೆ ಚೀರುತ್ತಾ ಓಡಿ ಬಂದರು. ನಾನು ಬ್ಯಾಟು ಎಲ್ಲಿ ಹಾಕಿದೆನೋ ಗೊತ್ತಿಲ್ಲ, ಅವರ ಕಾಲಬಳಿ ಕೂತಿದ್ದೆ. ಉಸಿರು ಮರಳಿದಾಗ ಅವರು ಮೊದಲು ಹೇಳಿದ್ದು, “ಮಗಗ ಹೇಳಬ್ಯಾಡ್ರಿ.”

ಹೇಳದೆ ಇರುವುದು ಹೇಗೆ? ಎಕ್ಸರೇ ಮಾಡಿಸಬೇಕಾಯಿತು. ಎಲುಬು ಮುರಿದಿರಲಿಲ್ಲ, ಅಂಗೈಯಗಲ ಕಪ್ಪಗೆ ಹೆಪ್ಪುಗಟ್ಟಿತ್ತು. ನನ್ನ ಗಂಡ ದನಿ ಏರಿಸುವವರಲ್ಲ, ಅವತ್ತು ಏರಿಸಿದರು. “ಇಬ್ಬರಿಗೂ ತಲಿ ಕೆಟ್ಟೈತೇನು? ಈಗಷ್ಟೇ ಎದ್ದು ಅಡ್ಡಾಡಾಕತ್ಯಾರ ಅವರು!” ಗೋದಾಮಿಗೆ ಬೀಗ ಬಿತ್ತು, ಬೀಗದ ಕೈ ಅವರ ಜೇಬಿಗೆ ಹೋಯಿತು.

ಆ ದಿನಗಳು ಕೆಟ್ಟದಾಗಿದ್ದವು. ಮಾವ ಕೋಲು ಕುಟ್ಟುತ್ತಾ ಗೇಟಿಗೂ ನಡುಮನೆಗೂ ನಡೆದರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವರ ಎದುರು ಹೋಗಲು ನಾಚಿಕೆ, ಹೋಗದಿರಲು ಸಂಕಟ. ಎದುರಾದರೆ ಅವರೂ ಕೋಲು ತಿರುಗಿಸಿಕೊಂಡು ಗೇಟಿನತ್ತ ಹೋಗುತ್ತಿದ್ದರು. ಸ್ಪಂಜಿನ ಚೆಂಡು ಮುಟ್ಟಲಿಲ್ಲ. ವ್ಯಾಯಾಮದ ಹುಡುಗ ಬಂದು ಕೈ ಹಿಡಿದು ನೋಡಿ, “ಬೆರಳು ಮತ್ತೆ ಬಿಗಿಯಾಗ್ತಿವೆ. ಇಷ್ಟು ದಿನ ಏನು ಮಾಡ್ತಿದ್ರಿ? ಅದನ್ನೇ ಮಾಡಿ” ಎಂದ.

ಕೊನೆಗೆ ಸಹನೆ ಕೆಟ್ಟದ್ದು ಅತ್ತೆಯವರಿಗೆ. ರಾತ್ರಿಯ ಊಟ ಬಡಿಸುವಾಗ ಮಗನ ತಟ್ಟೆಗೆ ರೊಟ್ಟಿ ಹಾಕಿ, ಎದುರು ನಿಂತು ಹೇಳಿದರು: “ಆ ಬೀಗ ತಗಿ. ಇಬ್ಬರೂ ಮನ್ಯಾಗ ತಿರುಗಿ ತಿರುಗಿ ನನ್ನ ಹುಚ್ಚಿ ಮಾಡ್ತಾರ. ಅಲ್ಲೇ ಹೊಡದಾಡ್ಲಿ.”

ಗಂಡ ನನ್ನ ಮುಖ ನೋಡಿದರು. “ಮತ್ತ ಬಡದ್ರ?”

“ಬಡಿಯಂಗಿಲ್ಲ” ಅಂದರು ಮಾವ, ಒಳಗಿನ ಕೋಣೆಯಿಂದ. ಅವರು ಆಗಲೇ ಯೋಚಿಸಿ ಇಟ್ಟಿದ್ದರು. ಮಾರನೆಯ ದಿನ ಹಮಾಲಿಯ ಕೈಯಲ್ಲಿ ಅಟ್ಟದಿಂದ ಹಳೆಯ ಕಬ್ಬಿಣದ ಮಂಚ ಇಳಿಸಿಕೊಂಡು, ಗೋದಾಮಿನಲ್ಲಿ ಅದನ್ನು ಕಂಬಕ್ಕೆ ಕಟ್ಟಿಸಿ ನೆಟ್ಟಗೆ ನಿಲ್ಲಿಸಿದರು. ಅದರ ನವಾರಿನ ಪಟ್ಟಿಗಳ ಹೆಣಿಗೆ ಅವರ ಮುಂದೆ ಗೋಡೆಯಂತಾಯಿತು. ಬಲಗೈ ಹೊರಗೆ ಬರುವಷ್ಟು ಮಾತ್ರ ಒಂದು ಬದಿಯ ನವಾರು ಬಿಚ್ಚಿಸಿದ್ದರು. ಮಂಚದ ಹಿಂದೆ ಕೂತು, ಆ ಕಿಂಡಿಯಿಂದ ಕೈ ಹೊರಗೆ ಹಾಕಿ, “ಈಗ ಹೊಡಿ” ಎಂದರು. ಚರ್ಮದ ಚೆಂಡನ್ನು ಮಾತ್ರ ನಾನು ಕೊಡಲಿಲ್ಲ. ಅವರೂ ಕೇಳಲಿಲ್ಲ.

ಒಂದು ದಿನ ಚೆಂಡು ಎಸೆಯುವುದನ್ನು ನಿಲ್ಲಿಸಿ, ಮಂಚದ ಹಿಂದಿನಿಂದ ಎದ್ದು ಬಂದರು. “ನನಗೊಂದ್ಸಲ ಕೊಡು.”

ಸ್ಟೂಲಿನ ಮೇಲೆ ಬಣ್ಣದ ಡಬ್ಬಿ, ಅದರ ಮೇಲೆ ಚೆಂಡು ಇಟ್ಟೆ. ಕೋಲು ಬದಿಗಿಟ್ಟು ಬ್ಯಾಟು ಹಿಡಿದರು. ಬಲಗೈ ಬೆರಳನ್ನು ಒಂದೊಂದಾಗಿ ಹಿಡಿಕೆಗೆ ಸುತ್ತಿದ್ದು ನಾನೇ. ಮಾವನವರ ಕೈ ಮುಟ್ಟಿದ್ದು ಅದೇ ಮೊದಲು. ಕಾಲು ಅಗಲ ಮಾಡಿದರು, ಮಂಡಿ ಬಗ್ಗಿಸಿದರು. ನಾನು ಇಷ್ಟು ದಿನ ಹೇಳಿದ್ದೆಲ್ಲ ಅವರಿಗೆ ಗೊತ್ತಿತ್ತು. ಬೀಸಿದರು. ಬಲಗಾಲು ತಿರುಗಲಿಲ್ಲ, ಸೊಂಟ ಕದಲಲಿಲ್ಲ, ತೋಳಷ್ಟೇ ಹೋಯಿತು. ಬ್ಯಾಟು ಡಬ್ಬಿಗೆ ಬಡಿದು ಎಲ್ಲ ಉರುಳಿತು, ಅವರೂ ವಾಲಿದರು. ಅತ್ತೆ ಹಿಂದಿನಿಂದ ಅಂಗಿ ಹಿಡಿದು ನಿಲ್ಲಿಸಿದರು.

ನಗಬಹುದು ಎಂದುಕೊಂಡೆ. ನಗಲಿಲ್ಲ. ಬ್ಯಾಟನ್ನು ನೆಲಕ್ಕೆ ಒಗೆದು, “ನನ್ ಸೊಂಟ ಸತ್ತೈತಿ” ಎಂದು ಹೊರಗೆ ನಡೆದರು. ಎರಡು ದಿನ ಗೋದಾಮಿನತ್ತ ಬರಲಿಲ್ಲ.

ಅದನ್ನು ನಾನೇ ವ್ಯಾಯಾಮದ ಹುಡುಗನಿಗೆ ಹೇಳಿದೆ. ಅವನು ಅವರನ್ನು ನಡುಮನೆಯ ಕುರ್ಚಿಯ ಅಂಚಿನಲ್ಲಿ ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, ನಡುವಿನಿಂದ ಮೇಲೆ ಎಡಕ್ಕೂ ಬಲಕ್ಕೂ ತಿರುಗುವುದನ್ನು ಹೇಳಿಕೊಟ್ಟ. ಮಾವ ಬೈಯುತ್ತಾ ಮಾಡಿದರು. ಬೈಯುತ್ತಲೇ ದಿನಾ ಮಾಡಿದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ನೋಡುವುದು ಕಂಡರೆ ನಿಲ್ಲಿಸಿಬಿಡುತ್ತಿದ್ದರು.

ಆ ಮಳೆಗಾಲದಲ್ಲೇ ಪಿ.ಡಿ. ಸರ್ ಫೋನು ಬಂತು. ಜಿಲ್ಲೆಯ ಹೆಂಗಸರ ತಂಡಕ್ಕೆ ಕರ್ನೂಲಿನಲ್ಲಿ ಆಯ್ಕೆ ಇದೆ, ಹಳೆಯ ಹುಡುಗಿಯರನ್ನೆಲ್ಲ ಕರೆಯುತ್ತಿದ್ದೇನೆ, ಬರುತ್ತೀಯಾ ಎಂದು ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಗಂಡನ ಬಳಿ ಹೇಗೆ ಮಾತೆತ್ತುವುದು ಎಂದು ಲೆಕ್ಕ ಹಾಕುತ್ತಾ ಫೋನು ಇಟ್ಟು ತಿರುಗಿದರೆ ಮಾವ ಹಿಂದೆಯೇ ನಿಂತಿದ್ದರು.

“ಯಾವತ್ತು ಹೋಗೋದು?”

ನನ್ನ ಗಂಡ ಕಾರು ನಡೆಸಿದರು, ಮಾವ ಮುಂದೆ, ನಾನು ಹಿಂದೆ. ಹಿಂದಿನ ದಿನದಿಂದ ನನಗೆ ಅನ್ನ ಸೇರಿರಲಿಲ್ಲ. ಎಮ್ಮಿಗನೂರಿನಲ್ಲಿ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡರು. ನಾನು ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಗೋನೆಗಂಡ್ಲ ದಾಟಿದ ಮೇಲೆ ಮಾವ ತಿರುಗಿ ನೋಡಿದರು. ನನ್ನ ಎರಡೂ ಕಾಲು ಸೀಟಿನ ಕೆಳಗೆ ಕುಣಿಯುತ್ತಿದ್ದವು. ಅವರ ಬೆರಳುಗಳೂ ಡ್ಯಾಶ್‌ಬೋರ್ಡಿನ ಮೇಲೆ ಸುಮ್ಮನಿರಲಿಲ್ಲ.

ಮೈದಾನದಲ್ಲಿ ನನಗಿಂತ ಚಿಕ್ಕ ಹುಡುಗಿಯರೇ ಹೆಚ್ಚು. ಎಸೆಯುತ್ತಿದ್ದವಳು ಉದ್ದನೆಯ ಹುಡುಗಿ, ಅವಳ ಚೆಂಡು ನಿಜಕ್ಕೂ ಜೋರು. ನನ್ನ ಸರದಿ ಬಂದಾಗ ಮೊದಲನೆಯದಕ್ಕೆ ಹಳೆಯ ಚಾಳಿಯೇ ಮೇಲಾಯಿತು. ಅವಳ ತೋಳು ಕಂಡಿತು, ನಾನು ಹೊರಟೇಬಿಟ್ಟೆ. ಗಾಳಿ. ಎರಡನೆಯದೂ ಗಾಳಿ. ಜಾಲರಿಯ ಹಿಂದೆ ಯಾರೋ ತೆಲುಗಿನಲ್ಲಿ ಜಗಳವಾಡುವುದು ಕೇಳಿಸಿತು. ಕಾರಿನಲ್ಲಿ ಕೂತಿರಿ ಎಂದು ಬಿಟ್ಟುಬಂದಿದ್ದ ಮಾವ ಅಲ್ಲಿಗೆ ಬಂದು, ಇಲ್ಲಿ ನಿಲ್ಲಬೇಡಿ ಎಂದವನ ಜೊತೆ ವಾದಕ್ಕಿಳಿದಿದ್ದರು. “ನಾ ಕೋಡಲು ಆಡ್ತೋಂದಯ್ಯಾ ಅಕ್ಕಡ!” ಎನ್ನುತ್ತಿದ್ದರು, ನನ್ನ ಸೊಸೆ ಆಡುತ್ತಿದ್ದಾಳೆ ಎಂದು. ಆ ಗಲಾಟೆಗೆ ಎಸೆಯುವವಳು ಒಂದು ಕ್ಷಣ ತಡೆದಳು. ನಾನೂ ಹಿಂಗಾಲಿನ ಮೇಲೆ ಭಾರ ಕೂರಿಸಿಕೊಂಡು ಅವಳ ಬೆರಳು ಹುಡುಕಿದೆ.

ಸಿಕ್ಕಿತು. ಚೆಂಡು ಕೈ ಬಿಟ್ಟದ್ದು ಕಂಡಿತು. ಆಮೇಲಿನದು ನಾನು ಮಾಡಿದ್ದಲ್ಲ, ಗೋದಾಮಿನ ಅಷ್ಟೂ ಬೆಳಗುಗಳು ಮಾಡಿದ್ದು. ಚೆಂಡು ಮೈದಾನದ ಎಡಕ್ಕೆ, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ, ನೆಲಕ್ಕೆ ಬಡಿಯದೆ ಹಾರಿಹೋಯಿತು. ಮತ್ತೊಂದು ಬಲಗಡೆಗೆ ಹೋಯಿತು. ಕೊನೆಯದು ಅಷ್ಟು ಚೆನ್ನಾಗಿರಲಿಲ್ಲ, ಆದರೆ ತಾಗಿತು. ಪಿ.ಡಿ. ಸರ್ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. ಈ ಸಲ ಏನೂ ಕೂಗಲಿಲ್ಲ.

ಸಂಜೆ ಹೆಸರು ಓದಿದಾಗ ನನ್ನದೂ ಇತ್ತು. ನಾವು ರಾಜ್ಯ ಮಟ್ಟದ ಪಂದ್ಯಾವಳಿಗೆ ಹೋದೆವು. ಮೊದಲ ಪಂದ್ಯ ಗೆದ್ದೆವು, ಎರಡನೆಯದರಲ್ಲಿ ಚೆನ್ನಾಗಿಯೇ ಸೋತೆವು. ನಾನು ಹೊಡೆದದ್ದೂ ಇದೆ, ಬಿಟ್ಟದ್ದೂ ಇದೆ. ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು, “ಗೆದ್ರೇನು?” ಸೋತೆವು ಅಂದೆ. “ಸೋತ್ರೂ ಇಷ್ಟ್ ಕರ್ರಗ ಆಗಬೇಕೇನು?” ಎಂದು ನನ್ನ ಗಲ್ಲ ತಿರುಗಿಸಿ ನೋಡಿದರು.

ಹತ್ತಿ ಹಂಗಾಮು ಶುರುವಾಯಿತು. ಗೋದಾಮು ತುಂಬಿತು; ಮಂಚ ಅಟ್ಟಕ್ಕೆ ಹೋಯಿತು. ಮಾವ ಮಗನ ಬೈಕಿನ ಹಿಂದೆ ಕೂತು ಯಾರ್ಡಿಗೆ ಹೋಗತೊಡಗಿದರು. ಬಲಗೈ ಪೂರ್ತಿ ಮರಳಿಲ್ಲ, ಹತ್ತಿಯ ಗುಣ ತಿಳಿಯಲು ಎಳೆ ಎಳೆದು ನೋಡುವಷ್ಟು ಮರಳಿದೆ. ಅವರಿಗೆ ಅಷ್ಟು ಸಾಕಿತ್ತು. ಹೊರಟ ಮೊದಲ ದಿನ ಚಪ್ಪಲಿ ಮೆಟ್ಟುವಾಗಲೇ ಫೋನಿನಲ್ಲಿದ್ದರು, ನನ್ನತ್ತ ತಿರುಗಿಯೂ ನೋಡಲಿಲ್ಲ. ನನಗೆ ಸಂತೋಷವೇ ಆಯಿತು. ಆದರೆ ಮತ್ತೆ ಅಡುಗೆಮನೆಯಿಂದ ಹಿತ್ತಿಲಿಗೆ ಓಡಾಡತೊಡಗಿದೆ. ನಾಲ್ಕೇ ದಿನ. ಐದನೆಯ ದಿನ ಅತ್ತೆ, “ಆ ಮೇಷ್ಟ್ರಿಗೆ ಫೋನ್ ಮಾಡು. ಮನ್ಯಾಗ ನಿನ್ನ ಇಟ್ಕೊಳ್ಳಾಕ ನನ್ ಕೈಲಿ ಆಗಂಗಿಲ್ಲ” ಎಂದರು.

ಈಗ ಬೆಳಗಿನ ಹೊತ್ತು ಕಾಲೇಜು ಮೈದಾನಕ್ಕೆ ಹೋಗಿ ಹುಡುಗಿಯರಿಗೆ ಬ್ಯಾಟಿಂಗ್ ಹೇಳಿಕೊಡುತ್ತೇನೆ. ಸಂಬಳದ ಕೆಲಸವಲ್ಲ, ಪಿ.ಡಿ. ಸರ್‌ಗೆ ಮಂಡಿ ನೋವು, ಒಬ್ಬರು ಬೇಕಿತ್ತು. ಹುಡುಗಿಯರಿಗೆ ನಾನು ಎಸೆಯುವಾಗ ಬೇಕೆಂದೇ ಚೆಂಡನ್ನು ತಡೆದು ಬಿಡುತ್ತೇನೆ. ಅವರು ಗಾಳಿ ಹೊಡೆದು ನನ್ನನ್ನು ಬೈದುಕೊಳ್ಳುತ್ತಾರೆ, ಕನ್ನಡದಲ್ಲಿ ಕೆಲವರು, ತೆಲುಗಿನಲ್ಲಿ ಕೆಲವರು.

ಹೋದ ವಾರ ಹಾಗೆ ಎಸೆಯುತ್ತಿದ್ದಾಗ ಕಾಂಪೌಂಡಿನ ಆಚೆ ನಮ್ಮ ಗಾಡಿ ನಿಂತದ್ದು ಕಂಡಿತು. ಮಾವ ಇಳಿದು ಗೋಡೆಗೆ ಮೊಣಕೈ ಊರಿ ನಿಂತರು. ಹುಡುಗಿಯೊಬ್ಬಳು ಎರಡು ಸಲ ಬೀಸಿದಳು, ಎರಡೂ ಸಲ ಬೇಗನೇ ಹೋದಳು. ಮಾವ ಗೋಡೆಯ ಮೇಲಿನಿಂದ ಏನೋ ಹೇಳಲು ಕೈ ಎತ್ತಿದರು. ಗಾಡಿಯ ಮೇಲಿದ್ದ ನನ್ನ ಗಂಡ ಗಡಿಯಾರ ತೋರಿಸಿದರು. ಯಾರ್ಡಿನಲ್ಲಿ ಹರಾಜಿನ ಹೊತ್ತಾಗಿತ್ತು. ಎತ್ತಿದ ಕೈಯನ್ನು ಹಾಗೇ ಬೀಸಿ, ಅವಸರದಲ್ಲಿ ಹಿಂದೆ ಹತ್ತಿ ಕೂತರು. ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು.

ಹುಡುಗಿ ಬ್ಯಾಟು ಹೆಗಲ ಮೇಲಿಟ್ಟು ಕಾಯುತ್ತಿದ್ದಳು. “ಮೇಡಂ, ಚೆಂಡು” ಎಂದಳು. ಎಸೆದೆ.